ಜಪಾನ್‌ನಲ್ಲಿ ವಿದೇಶಿ ಶಿಕ್ಷಕರ ತರಬೇತಿ

ಬೇರೆ ದೇಶಗಳ ಶಾಲಾ ಶಿಕ್ಷಕರು ಜಪಾನಿಗೆ ಹೋಗಿ, ಅಲ್ಲಿನ ತರಗತಿಗಳನ್ನು ಕಂಡು ಕಲಿತು ಬರುವ ಯೋಜನೆಗಳು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ: ಕೆಲವು ವಾರಗಳ ಭೇಟಿ ಮತ್ತು ದೀರ್ಘ ವ್ಯಾಸಂಗ. ಅಮೆರಿಕದ ಶಿಕ್ಷಕರಿಗಾಗಿ 1997ರಲ್ಲಿ ಶುರುವಾಗಿ ಈಗ ನಿಂತುಹೋಗಿರುವ ಫುಲ್‌ಬ್ರೈಟ್ ಸ್ಮಾರಕ ನಿಧಿಯ ಮೂರು ವಾರಗಳ ಪ್ರವಾಸ ಮೊದಲ ಬಗೆಯದು.

ಮೆಕ್ಸ್ಟ್ ವಿದ್ಯಾರ್ಥಿವೇತನ

ಎರಡನೆಯ ಬಗೆಗೆ ಸೇರಿದ, ಜಪಾನಿನ ಶಿಕ್ಷಣ ಸಚಿವಾಲಯದ (ಮೆಕ್ಸ್ಟ್) ಈ ಯೋಜನೆ 1980ರಲ್ಲಿ ಆರಂಭವಾಯಿತು. ಭಾರತದ ಶಿಕ್ಷಕರೂ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ವಯಸ್ಸು 35ರೊಳಗಿರಬೇಕು, ಐದು ವರ್ಷ ಪಾಠ ಮಾಡಿದ ಅನುಭವ ಬೇಕು. ಒಂದೂವರೆ ವರ್ಷದ ಅವಧಿಯಲ್ಲಿ ಮೊದಲ ಆರು ತಿಂಗಳು ಸಾಮಾನ್ಯವಾಗಿ ಭಾಷಾ ಕಲಿಕೆಗೆ ಮೀಸಲು. ಕೊನೆಗೆ ಸಿಗುವುದು ಪ್ರಮಾಣಪತ್ರ, ಪದವಿಯಲ್ಲ.

ಪಾಠ ಅಧ್ಯಯನ

ಜಪಾನಿಗೆ ಹೋದವರು ಅಲ್ಲಿ ಕಾಣುವ ಅತಿ ಮುಖ್ಯ ಸಂಗತಿ ‘ಜುಗ್ಯೋ ಕೆನ್‌ಕ್ಯು’, ಅಂದರೆ ಪಾಠ ಅಧ್ಯಯನ. ಇದರ ಬೇರು ಮೇಜಿ ಕಾಲದ್ದು. 1872ರಲ್ಲಿ ಟೋಕಿಯೊದಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆದಾಗ, ಅಮೆರಿಕದ ಮೇರಿಯನ್ ಸ್ಕಾಟ್ ದುಭಾಷಿಯ ನೆರವಿನಿಂದ ಇಡೀ ತರಗತಿಗೆ ಒಟ್ಟಿಗೆ ಪಾಠ ಮಾಡುವ ಕ್ರಮವನ್ನು ಕಲಿಸಿದರು. ಹಾಗೆ ಹೊರಗಿನಿಂದ ಬಂದ ಮೇಷ್ಟರಿಂದ ಕಲಿತ ದೇಶದಿಂದಲೇ ಇಂದು ಹೊರಗಿನವರು ಕಲಿಯುತ್ತಿದ್ದಾರೆ. ಸಂಶೋಧಕರಾದ ಸ್ಟಿಗ್ಲರ್ ಮತ್ತು ಹೀಬರ್ಟ್ ಅವರ 1999ರ ಪುಸ್ತಕದಿಂದ ಈ ಪದ್ಧತಿ ಜಗತ್ತಿಗೆ ಹೆಚ್ಚು ಪರಿಚಯವಾಯಿತು.

ಈ ಪದ್ಧತಿಯಲ್ಲಿ ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ; ಉಳಿದವರು ಗೋಡೆಯ ಬದಿಗೆ ನಿಂತು, ಮಕ್ಕಳು ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಕರಿಹಲಗೆಯ ಬರಹವನ್ನು ಸಾಮಾನ್ಯವಾಗಿ ನಡುವೆ ಅಳಿಸುವುದಿಲ್ಲ. ಎಡತುದಿಯ ಪ್ರಶ್ನೆಯಿಂದ ಬಲತುದಿಯ ಉತ್ತರದವರೆಗೆ, ತಪ್ಪು ದಾರಿಗಳೂ ಸೇರಿ, ಇಡೀ ಪಾಠ ಕಣ್ಣೆದುರಿಗೆ ಉಳಿಯುತ್ತದೆ. ಆಮೇಲಿನ ಚರ್ಚೆ ಶಿಕ್ಷಕರ ಗುಣದೋಷದ ಬಗ್ಗೆಯಲ್ಲ, ಪಾಠದ ಬಗ್ಗೆ.

ಚಳ್ಳಕೆರೆ, ಮೊಳಕಾಲ್ಮೂರು

ಹೀಗೆ ಬೇರೆಡೆಯ ಪಾಠಗಳನ್ನು ನೋಡಿ ಬಂದು ತಮ್ಮಲ್ಲಿ ಕಟ್ಟುವುದು ಕರ್ನಾಟಕಕ್ಕೆ ಹೊಸದಲ್ಲ: 1990ರ ದಶಕದಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದ ಮೇಲೆ ‘ನಲಿಕಲಿ’ ಕಲಿಕಾ ಪದ್ಧತಿ ರೂಪುಗೊಂಡಿತು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ವಿಜ್ಞಾನ ಶಿಕ್ಷಕರು ಬಂದು, ಉಳಿದು, ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಪಾಠ ಅಧ್ಯಯನದಂಥ ನೋಟ ಇಲ್ಲಿಗೂ ಬೇಕು: ಮೊಳಕಾಲ್ಮೂರಿನ ಗಡಿ ಊರುಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಕನ್ನಡದಲ್ಲಿ ಲೆಕ್ಕ ಕಲಿಯುತ್ತಾರೆ. ಮಗು ತಡವರಿಸಿದ್ದು ಲೆಕ್ಕದಲ್ಲೋ ಮಾತಿನಲ್ಲೋ ಎಂಬುದು ಪಕ್ಕದಲ್ಲಿ ನಿಂತು ನೋಡಿದವರಿಗೇ ತಿಳಿದೀತು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಒಂದು ಪಾಠವನ್ನು ಹೀಗೆ ಒಟ್ಟಾಗಿ ನೋಡಲು ವಿಮಾನದ ಟಿಕೆಟ್ ಬೇಕಿಲ್ಲ.