ನಡುಹಗಲಿನ ಬೇಸರ: ಈಜಿಪ್ಟಿನ ಮರುಭೂಮಿಯಿಂದ ನಮ್ಮ ಓದುವ ಕೋಣೆಗೆ



ಈ ತಪಸ್ಸುಕಾಲದಲ್ಲಿ ನಮ್ಮ ಯುವಜನರ ಕೂಟದಲ್ಲಿ ಏಳು ಮೂಲಪಾಪಗಳ ಬಗ್ಗೆ ಮಾತಾಡಿದೆವು. ಗರ್ವ, ಲೋಭ, ಕಾಮ, ಅಸೂಯೆ, ಹೊಟ್ಟೆಬಾಕತನ, ಕೋಪ ಎಲ್ಲ ಮುಗಿದು ಕೊನೆಗೆ ಸೋಮಾರಿತನಕ್ಕೆ ಬಂದಾಗ ಎಲ್ಲರೂ ನಕ್ಕೆವು. ಭಾನುವಾರ ಬಲಿಪೂಜೆಗೆ ತಡವಾಗಿ ಬರುವವರ ಕಡೆಗೆ ಬೆರಳು ತೋರಿಸಿದ್ದೂ ಆಯಿತು. ಆಗ ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಒಬ್ಬ ತಮ್ಮ ಮೆಲ್ಲನೆ ಕೇಳಿದ: "ಅಣ್ಣ, ನಾನು ಸೋಮಾರಿ ಅಲ್ಲ. ಬೆಳಗ್ಗೆಯಿಂದ ಪುಸ್ತಕದ ಮುಂದೆಯೇ ಕೂತಿರ್ತೀನಿ. ಆದ್ರೆ ಹನ್ನೊಂದು ಗಂಟೆ ಆದ್ರೆ ಸಾಕು, ಮನಸ್ಸು ನಿಲ್ಲಲ್ಲ. ಎಲ್ಲಿಗಾದ್ರೂ ಎದ್ದು ಹೋಗ್ಬಿಡೋಣ ಅನ್ಸುತ್ತೆ. ಇದು ಯಾವ ಪಾಪ?"

ನಗು ನಿಂತಿತು. ಅವನದು ನಮ್ಮೆಲ್ಲರ ಕಥೆಯೇ ಆಗಿತ್ತು. ಉತ್ತರ ಮಾತ್ರ ಯಾರ ಬಳಿಯೂ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದ ನಮಗೆ ಅದು ಸಿಕ್ಕಿದ್ದು 1,600 ವರ್ಷ ಹಿಂದಿನ ಈಜಿಪ್ಟಿನ ಮರುಭೂಮಿಯಲ್ಲಿ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮರುಭೂಮಿಗೆ ಹೋದವರು

ಮೂರನೇ ಶತಮಾನದ ಕೊನೆಯ ಭಾಗ. ಈಜಿಪ್ಟಿನ ಒಂದು ಹಳ್ಳಿಯಲ್ಲಿ ಅಂತೋಣಿ ಎಂಬ ಯುವಕ. ಅಪ್ಪ ಅಮ್ಮ ತೀರಿಹೋಗಿದ್ದರು. ಮನೆಯಲ್ಲಿ ಒಬ್ಬ ತಂಗಿ, ಸಾಕಷ್ಟು ಜಮೀನು. ವಯಸ್ಸು ಸುಮಾರು 18-20, ಅಂದರೆ ನಮ್ಮಲ್ಲಿ ಹಲವರ ವಯಸ್ಸೇ. ಒಂದು ದಿನ ದೇವಾಲಯದಲ್ಲಿ ಮತ್ತಾಯನ ಶುಭಸಂದೇಶದ ವಾಚನ ನಡೆಯುತ್ತಿತ್ತು. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬರುವಂತೆ ಯೇಸುಸ್ವಾಮಿ ಶ್ರೀಮಂತ ಯುವಕನಿಗೆ ಹೇಳುವ ಭಾಗ ಅದು. ಅಂತೋಣಿ ಅದು ತನಗೇ ಹೇಳಿದ ಮಾತೆಂದು ತಿಳಿದರು. ಜಮೀನು ಬಿಟ್ಟುಕೊಟ್ಟರು, ತಂಗಿಯನ್ನು ಕನ್ಯೆಯರ ಆಶ್ರಯಕ್ಕೆ ಒಪ್ಪಿಸಿದರು, ಪ್ರಾರ್ಥನೆಯ ಬಾಳಿಗೆ ಹೊರಟರು. ಸಂತ ಅಂತೋಣಿ 356ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತೆಂದು ಅವರ ಚರಿತ್ರೆ ಬರೆದ ಸಂತ ಅಥನಾಸಿಯುಸ್ ಹೇಳುತ್ತಾರೆ. ಇವರು ಪಾದುವದ ಸಂತ ಅಂತೋಣಿಯವರಲ್ಲ. ಆ ಅಂತೋಣಿಗಿಂತ ಸುಮಾರು 900 ವರ್ಷ ಹಿಂದಿನವರು.

ಅಂತೋಣಿಯವರ ಹಾದಿಯಲ್ಲಿ ಸಾವಿರಾರು ಮಂದಿ ಮರುಭೂಮಿಗೆ ಹೋದರು. ಗಂಡಸರನ್ನು 'ಅಬ್ಬಾ' ಅಂದರೆ ಅಪ್ಪ ಎಂದೂ, ಹೆಂಗಸರನ್ನು 'ಅಮ್ಮಾ' ಎಂದೂ ಕರೆಯುತ್ತಿದ್ದರು. ಹೌದು, ನಮ್ಮ ಅಮ್ಮನ ಹಾಗೆಯೇ! ಖರ್ಜೂರದ ಗರಿಯಿಂದ ಬುಟ್ಟಿ, ಚಾಪೆ, ಹಗ್ಗ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಅವರ ಮಾತುಗಳನ್ನು ಶಿಷ್ಯರು ನೆನಪಿಟ್ಟು ಮುಂದೆ ಸಂಗ್ರಹವಾಗಿ ಬರೆದಿಟ್ಟರು.

ಆ ಸಂಗ್ರಹದಲ್ಲಿ ಅಂತೋಣಿಯವರ ಹೆಸರಿನಲ್ಲಿರುವ ಮೊಟ್ಟಮೊದಲ ಪ್ರಸಂಗ ಯಾವುದು ಗೊತ್ತೇ? ದೊಡ್ಡ ಪವಾಡವಲ್ಲ, ಬೇಸರ! ಮರುಭೂಮಿಯಲ್ಲಿ ಕೂತಿದ್ದ ಅಂತೋಣಿಯವರಿಗೆ ಎಲ್ಲವೂ ಸಾಕು ಸಾಕಾಗಿ ಮನಸ್ಸು ಮಂಕಾಯಿತು. ಏನು ಮಾಡಲಿ ಎಂದು ದೇವರನ್ನು ಕೇಳಿದರು. ಹೊರಗೆ ಬಂದು ನೋಡಿದರೆ ತಮ್ಮ ಹಾಗೆಯೇ ಇರುವ ಒಬ್ಬರು ಕೂತು ಹಗ್ಗ ಹೊಸೆಯುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸುತ್ತಾರೆ. ಮತ್ತೆ ಕೂತು ಹೊಸೆಯುತ್ತಾರೆ. ಮತ್ತೆ ಎದ್ದು ಪ್ರಾರ್ಥಿಸುತ್ತಾರೆ. ಅದು ದೇವದೂತ. ಹೀಗೇ ಮಾಡು, ಉದ್ಧಾರವಾಗುತ್ತೀಯ ಎಂಬುದೇ ಅವರಿಗೆ ಸಿಕ್ಕ ಉತ್ತರ. ಮಠವಾಸಿಗಳ ಪಿತಾಮಹರಿಗೂ ಬೇಸರ ಬಂದಿತ್ತು ಎಂದು ಓದಿದಾಗ ನಮಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆವು.

ಬೇಸರವನ್ನು ಬರೆದಿಟ್ಟವರು

ಈ ಬೇಸರಕ್ಕೆ ಗ್ರೀಕಿನಲ್ಲಿ 'ಅಕೇದಿಯ' ಎಂಬ ಹೆಸರಿತ್ತು. ಕಾಳಜಿ ಇಲ್ಲದಿರುವುದು, ಯಾವುದೂ ಬೇಡವೆನಿಸುವುದು ಎಂದು ಅದರ ಅರ್ಥ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ವಿವರಿಸಿದವರು ಎವಾಗ್ರಿಯುಸ್.

ಎವಾಗ್ರಿಯುಸ್ ಹುಟ್ಟಿದ್ದು ಸುಮಾರು 345ರಲ್ಲಿ, ಇಂದಿನ ಟರ್ಕಿಯ ಉತ್ತರ ಭಾಗದ ಪೊಂತುಸ್ ಪ್ರಾಂತ್ಯದಲ್ಲಿ. ದೊಡ್ಡ ಬುದ್ಧಿವಂತರು. ಸಂತ ಬಾಸಿಲರು ಇವರನ್ನು ದೇವಾಲಯದ ವಾಚಕರನ್ನಾಗಿ ಮಾಡಿದರು, ನಾಜಿಯಾನ್ಸಸಿನ ಸಂತ ಗ್ರೆಗೊರಿಯವರು ಸೇವಾದರ್ಶಿ ದೀಕ್ಷೆ ಕೊಟ್ಟರು. ರಾಜಧಾನಿ ಕಾನ್ಸ್ಟಾಂಟಿನೋಪಲಿನಲ್ಲಿ ಒಳ್ಳೆಯ ಹೆಸರು ಬಂತು. ಆದರೆ ಅಲ್ಲಿ ದೊಡ್ಡ ಮನೆತನದ ಒಬ್ಬ ವಿವಾಹಿತ ಸ್ತ್ರೀಯ ಮೇಲೆ ಮನಸ್ಸಾಯಿತು. ಒಂದು ಕನಸಿನಿಂದ ಎಚ್ಚೆತ್ತು, ಹಡಗು ಹತ್ತಿ ಜೆರುಸಲೇಮಿಗೆ ಬಂದರು. ಅಲ್ಲಿಯೂ ಮನಸ್ಸು ಹೊಯ್ದಾಡಿತು; ಒಳ್ಳೊಳ್ಳೆಯ ಬಟ್ಟೆ, ಹೊಗಳಿಕೆ ಮತ್ತೆ ಹಿಡಿದವು. ಕೊನೆಗೆ ಜ್ವರ ಬಂದು ಆರು ತಿಂಗಳು ಮಲಗಿದರು. ವೈದ್ಯರಿಗೆ ಕಾರಣ ತಿಳಿಯಲಿಲ್ಲ. ತಿಳಿದದ್ದು ಮೆಲಾನಿಯ ಎಂಬ ಹಿರಿಯ ಸನ್ಯಾಸಿನಿಗೆ. ಆಕೆ ರೋಮಿನ ಸಿರಿವಂತ ವಿಧವೆ, ಓಲಿವ್ ಗುಡ್ಡದ ಮೇಲೆ ಮಠ ಕಟ್ಟಿದ್ದವರು. ನಿನ್ನ ಒಳಗೆ ಏನೋ ಇದೆ, ಹೇಳು ಎಂದು ಅವರು ಕೇಳಿದಾಗ ಎವಾಗ್ರಿಯುಸ್ ಎಲ್ಲವನ್ನೂ ತೋಡಿಕೊಂಡರು. ಆಕೆಯ ಸಲಹೆಯಂತೆ ಗುಣವಾದ ಮೇಲೆ ಈಜಿಪ್ಟಿಗೆ ಹೋದರು. ಈ ಕಥೆಯನ್ನು ಬರೆದಿಟ್ಟವರು ಅವರ ಶಿಷ್ಯ ಪಲ್ಲಾದಿಯುಸ್.

ಎವಾಗ್ರಿಯುಸ್ ನಿತ್ರಿಯದಲ್ಲಿ ಎರಡು ವರ್ಷ, 'ಕೆಲ್ಲಿಯ' ಎಂಬಲ್ಲಿ ಹದಿನಾಲ್ಕು ವರ್ಷ ಬಾಳಿ 399ರಲ್ಲಿ ತೀರಿಕೊಂಡರು. ಕೆಲ್ಲಿಯ ಎಂದರೆ 'ಕೋಣೆಗಳು'. ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳದಷ್ಟು ದೂರ ದೂರದಲ್ಲಿ ಕೋಣೆಗಳು. ಶನಿವಾರ, ಭಾನುವಾರ ಮಾತ್ರ ಎಲ್ಲರೂ ದೇವಾಲಯದಲ್ಲಿ ಸೇರುವುದು. ಮರಳಿನಲ್ಲಿ ಮರೆಯಾಗಿದ್ದ ಈ ಜಾಗವನ್ನು 1964ರಲ್ಲಿ ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಿಯೋಮೋಂ ಗುರುತಿಸಿದರು. ಆಮೇಲಿನ ಉತ್ಖನನಗಳಲ್ಲಿ ನೂರಾರು ಆಶ್ರಮಗಳ ಗೋಡೆಗಳು ಬೆಳಕಿಗೆ ಬಂದವು. ಆ ಮರುಭೂಮಿಯಲ್ಲಿ ಎವಾಗ್ರಿಯುಸ್ ಪುಸ್ತಕಗಳನ್ನು ನಕಲು ಮಾಡಿ ಬದುಕುತ್ತಿದ್ದರು. ಮನಸ್ಸನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಪಟ್ಟಿ ಮಾಡಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಕೇದಿಯ, ಹೊಗಳಿಕೆಯ ಆಸೆ, ಗರ್ವ. ಇವುಗಳಲ್ಲಿ ಅಕೇದಿಯವೇ ಎಲ್ಲಕ್ಕಿಂತ ಭಾರವಾದದ್ದು ಎಂದರು.

ಅವರ ವಿವರಣೆ ಬಿಎಸ್ಸಿಯಲ್ಲಿ ನಾವು ಬರೆದ ಲ್ಯಾಬ್ ರೆಕಾರ್ಡಿಗಿಂತ ಅಚ್ಚುಕಟ್ಟಾಗಿದೆ. ಈ ಪಿಶಾಚಿ ಬರುವುದು ಬೆಳಗ್ಗೆ ಸುಮಾರು ಹತ್ತು ಗಂಟೆಗೆ, ಬಿಡುವುದು ಮಧ್ಯಾಹ್ನ ಎರಡರ ಹೊತ್ತಿಗೆ. ಅದಕ್ಕೇ ಕೀರ್ತನೆ 91ರ ಗ್ರೀಕ್ ಅನುವಾದದಲ್ಲಿ ಬರುವ 'ನಡುಹಗಲಿನ ಪಿಶಾಚಿ'ಯ ಹೆಸರನ್ನು ಇದಕ್ಕೆ ಕೊಟ್ಟರು. ಮೊದಲು ಸೂರ್ಯ ನಿಂತೇ ಹೋದ ಹಾಗೆ, ಹಗಲಿಗೆ ಐವತ್ತು ಗಂಟೆ ಇರುವ ಹಾಗೆ ಅನ್ನಿಸುತ್ತದೆ. ಸನ್ಯಾಸಿ ಕಿಟಕಿ ಕಡೆಗೆ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟು ದೂರವೆಂದು ಹೊರಗೆ ಬಂದು ಸೂರ್ಯನನ್ನು ಅಳೆಯುತ್ತಾನೆ. ಯಾರಾದರೂ ಬರುತ್ತಾರೇನೋ ಎಂದು ದಾರಿ ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಕೆಲಸ ಬೇಡ, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ ಎನಿಸುತ್ತದೆ. ಮೊನ್ನೆ ಯಾರೋ ನೋಯಿಸಿದ್ದು ನೆನಪಾಗುತ್ತದೆ. ಬೇರೆ ಊರಿಗೆ ಹೋದರೆ ಎಲ್ಲ ಸುಲಭ, ದೇವರು ಎಲ್ಲ ಕಡೆಯೂ ಇದ್ದಾನಲ್ಲ ಎಂಬ ನೆಪವೂ ಸಿದ್ಧವಾಗುತ್ತದೆ!

ಇನ್ನೊಂದು ಬರಹದಲ್ಲಿ ಓದಲು ಕೂತ ಸನ್ಯಾಸಿಯ ಚಿತ್ರವಿದೆ. ಆಕಳಿಸುತ್ತಾನೆ, ಕಣ್ಣುಜ್ಜಿಕೊಳ್ಳುತ್ತಾನೆ, ಗೋಡೆ ನೋಡುತ್ತಾನೆ. ಎಷ್ಟು ಹಾಳೆ ಉಳಿದಿವೆ ಎಂದು ಎಣಿಸುತ್ತಾನೆ. ಬರೆದವನ ಅಕ್ಷರ ಚೆನ್ನಾಗಿಲ್ಲ ಎಂದು ಬೈಯುತ್ತಾನೆ. ಕೊನೆಗೆ ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಇದನ್ನು ಕೂಟದಲ್ಲಿ ಓದಿದಾಗ ಆ ತಮ್ಮ, "ಅಣ್ಣ, ಇದು ನನ್ನ ರೂಮೇ!" ಅಂದ. ನಾವಾದರೋ ಕಿಟಕಿ ಕಡೆಗೂ ನೋಡಬೇಕಾಗಿಲ್ಲ. ಕಿಟಕಿಯೇ ಮೊಬೈಲಾಗಿ ಕೈಯಲ್ಲಿದೆ.

ಬೇಸರ ಸೋಮಾರಿತನವಾದದ್ದು

ಈ ಬೋಧನೆಯನ್ನು ಪಶ್ಚಿಮಕ್ಕೆ ತಂದವರು ಜಾನ್ ಕ್ಯಾಸಿಯನ್. ಈಜಿಪ್ಟಿನಲ್ಲಿ ಹಿರಿಯರ ಬಳಿ ಕಲಿತು, ಫ್ರಾನ್ಸಿನ ಮಾರ್ಸೇಯಲ್ಲಿ ಲತೀನಿನಲ್ಲಿ ಬರೆದರು. ಮುಂದೆ 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿಯವರು ಎಂಟರ ಪಟ್ಟಿಯನ್ನು ಹೊಸದಾಗಿ ಜೋಡಿಸಿದಾಗ ಅಕೇದಿಯ ದುಃಖದೊಳಗೆ ಸೇರಿಹೋಯಿತು. ನಂತರದವರು ಅದನ್ನು ಮತ್ತೆ ಪಟ್ಟಿಗೆ ತಂದರೂ ಜನರ ಬಾಯಲ್ಲಿ ಅದು ಬರೀ ಸೋಮಾರಿತನವಾಯಿತು. ಎವಾಗ್ರಿಯುಸರ ಹೆಸರೂ ಹಿಂದೆ ಸರಿಯಿತು. ಅವರ ಕೆಲವು ದೈವಶಾಸ್ತ್ರದ ವಿಚಾರಗಳು ಆರನೇ ಶತಮಾನದಲ್ಲಿ ಖಂಡನೆಗೆ ಒಳಗಾದವು. ಅವರ ಪ್ರಾರ್ಥನೆಯ ಪುಸ್ತಕ ಬೇರೆಯವರ ಹೆಸರಿನಲ್ಲಿ ಉಳಿದುಬಂತು.

ಇಲ್ಲಿ ನಾವು ಕಳೆದುಕೊಂಡದ್ದು ಏನೆಂದರೆ, ಅಕೇದಿಯ ಇರುವವನು ಸುಮ್ಮನೆ ಮಲಗಿರಬೇಕೆಂದಿಲ್ಲ. ಅವನು ಬಹಳ ಓಡಾಡುವವನೂ ಆಗಿರಬಹುದು. ರೋಗಿಗಳನ್ನು ನೋಡಲು ಹೋಗುತ್ತೇನೆಂಬ ನೆಪದಲ್ಲಿ ತನ್ನ ಕೋಣೆಯಿಂದ ತಪ್ಪಿಸಿಕೊಳ್ಳುವ ಸನ್ಯಾಸಿಯನ್ನೂ ಎವಾಗ್ರಿಯುಸ್ ಬಿಡಲಿಲ್ಲ. ಹಬ್ಬದ ತೋರಣ, ಕ್ರಿಕೆಟ್ ಟೂರ್ನಮೆಂಟ್, ವಾಟ್ಸ್ಆ್ಯಪ್ ಗುಂಪು ಎಂದು ಸದಾ ಓಡಾಡುವ ನಮ್ಮಂಥ ಯುವ ಮುಂದಾಳುಗಳಿಗೂ ಈ ಮಾತು ಚುಚ್ಚಿತು. ದೇವಾಲಯದ ಕೆಲಸ ಮಾಡುತ್ತಾ ಮನೆಯ ಕೆಲಸದಿಂದ, ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳಬಹುದು ಎಂಬುದು ನಮಗೆ ಗೊತ್ತಿರುವ ಸತ್ಯವೇ.

ಅವರು ಕೊಟ್ಟ ಮದ್ದು

ಮೊದಲನೆಯದು, ಕೂತಲ್ಲೇ ಕೂರು. ಒಬ್ಬ ಸನ್ಯಾಸಿ ಬುದ್ಧಿಮಾತು ಕೇಳಲು ಬಂದಾಗ ಅಬ್ಬಾ ಮೋಸೆಸ್, ಹೋಗಿ ನಿನ್ನ ಕೋಣೆಯಲ್ಲಿ ಕೂರು, ಅದೇ ನಿನಗೆ ಎಲ್ಲ ಕಲಿಸುತ್ತದೆ ಎಂದರಂತೆ. ಮೋಸೆಸ್ ಹಿಂದೆ ದರೋಡೆಕೋರರಾಗಿದ್ದವರು. ಕೂರುವುದು ಎಷ್ಟು ಕಷ್ಟವೆಂದು ಅವರಿಗಿಂತ ಯಾರಿಗೆ ಗೊತ್ತು? ಅಮ್ಮಾ ಸಿಂಕ್ಲೆತಿಕಾ ನಮ್ಮ ಅಜ್ಜಿಯರ ಹಾಗೆ ಹೇಳಿದರು: ಮೊಟ್ಟೆ ಬಿಟ್ಟು ಎದ್ದುಹೋಗುವ ಹಕ್ಕಿಯ ಮೊಟ್ಟೆ ಮರಿಯಾಗುವುದಿಲ್ಲ, ಊರಿಂದೂರಿಗೆ ಅಲೆಯುವವರ ವಿಶ್ವಾಸವೂ ಹಾಗೆಯೇ.

ಎರಡನೆಯದು, ಅಳತೆ ಇಟ್ಟುಕೋ. ಪ್ರತಿ ಕೆಲಸಕ್ಕೂ ಒಂದು ಮಿತಿ ಹಾಕಿಕೊಂಡು, ಅದು ಮುಗಿಯುವ ತನಕ ಏಳಬಾರದು ಎಂದು ಎವಾಗ್ರಿಯುಸ್ ಹೇಳಿದರು. ದಿನವಿಡೀ ಓದುತ್ತೇನೆ ಎಂದರೆ ಆಗದು. ಈ ನಾಲ್ಕು ಪುಟ ಮುಗಿಸಿ ಏಳುತ್ತೇನೆ ಎಂದರೆ ಆಗುತ್ತದೆ. ನಡುವೆ ಅಂತೋಣಿಯವರು ಕಂಡ ಹಾಗೆ ಎದ್ದು ಒಂದು ಚಿಕ್ಕ ಪ್ರಾರ್ಥನೆ, ಮತ್ತೆ ಕೂರುವುದು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇದನ್ನೇ ಮಠದ ನಿಯಮವಾಗಿಸಿದರು: ಕೈಕೆಲಸಕ್ಕೆ ಒಂದು ಹೊತ್ತು, ಓದಿಗೆ ಒಂದು ಹೊತ್ತು. ತಪಸ್ಸುಕಾಲದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ, ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದುವ ಹೊತ್ತಿನಲ್ಲಿ ಯಾರಾದರೂ ಹರಟುತ್ತಾ ಕೂತಿದ್ದಾರೆಯೇ ಎಂದು ನೋಡಲು ಹಿರಿಯರು ಸುತ್ತು ಹಾಕುತ್ತಿದ್ದರು!

ಮೂರನೆಯದು, ಬಚ್ಚಿಡಬೇಡ, ಆದರೆ ಓಡಿಹೋಗಲೂ ಬೇಡ. ಕ್ಯಾಸಿಯನ್ ತಮ್ಮ ಅನುಭವವನ್ನೇ ಬರೆದಿದ್ದಾರೆ. ಒಮ್ಮೆ ಬೇಸರ ತಡೆಯಲಾಗದೆ ಅಬ್ಬಾ ಪೌಲರ ಬಳಿಗೆ ಓಡಿದರಂತೆ, ಮನಸ್ಸು ಹಗುರಾಯಿತಂತೆ. ಅದನ್ನು ಕೇಳಿದ ಅಬ್ಬಾ ಮೋಸೆಸ್, ನೀನು ಗೆಲ್ಲಲಿಲ್ಲ, ಶರಣಾದೆ. ನಾಳೆ ಅದು ಇನ್ನೂ ಜೋರಾಗಿ ಬರುತ್ತದೆ ಎಂದು ಎಚ್ಚರಿಸಿದರು. ಒಂದು ರೀಲ್ ನೋಡಿ ಬೇಸರ ಕಳೆದವರಿಗೆ ಎರಡನೆಯದು ಏಕೆ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಮಗೆ ಸಿಕ್ಕಿಲ್ಲ.

ಹಾಗಾದರೆ ಊರು ಬಿಡಲೇಬಾರದೇ?

ಕೂಟದಲ್ಲಿ ಈ ಪ್ರಶ್ನೆ ಬಂದೇ ಬಂತು. ಬೆಟ್ಟದ ಮೇಲಿನ ನಮ್ಮ ತಾಳವಾಡಿ ಸೀಮೆಯಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮ್ಮ ಯುವಕರು ಕೆಲಸಕ್ಕೆ ಮೈಸೂರು, ಬೆಂಗಳೂರು, ತಿರುಪ್ಪೂರು ಎಂದು ಹೋಗಲೇಬೇಕು. ಅದು ಪಿಶಾಚಿಯ ಕೆಲಸವಲ್ಲ, ಹೊಟ್ಟೆಪಾಡು. ಎವಾಗ್ರಿಯುಸ್ ಕೂಡ ಕಾನ್ಸ್ಟಾಂಟಿನೋಪಲನ್ನು ಬಿಟ್ಟು ಓಡಿದವರೇ! ಅಲ್ಲಿ ಇದ್ದಿದ್ದರೆ ಒಂದು ಸಂಸಾರ ಹಾಳಾಗುತ್ತಿತ್ತು. ಆದ್ದರಿಂದ ಬಿಟ್ಟು ಹೋಗುವುದೆಲ್ಲ ತಪ್ಪಲ್ಲ. ಎಲ್ಲಿಗೆ, ಯಾವ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಹೇಳಬಲ್ಲವನು ಹೋಗಲಿ. ಇಲ್ಲಿಂದ ಹೋದರೆ ಸಾಕು ಎಂದಷ್ಟೇ ಅನ್ನಿಸಿದರೆ, ಮಧ್ಯಾಹ್ನ ಕಳೆಯುವ ತನಕ ತೀರ್ಮಾನ ಬೇಡ.

ಇನ್ನೊಂದು ಮಾತು, ಇದನ್ನು ತಂದೆತಾಯಿಯರೂ ಗಮನಿಸಬೇಕು. ಈ ಬೇಸರ ಬರುತ್ತದೆ, ಹೋಗುತ್ತದೆ. ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದನ್ನು ಪಾಪವೆಂದು ಬೈಯಬೇಡಿ. ಅದು ಕಾಯಿಲೆಯಾಗಿರಬಹುದು, ವೈದ್ಯರ ಬಳಿ ಕರೆದುಕೊಂಡು ಹೋಗಿ. ಜ್ವರದಲ್ಲಿ ಮಲಗಿದ್ದ ಯುವಕನ ಪಕ್ಕ ಕೂತು ಮೆಲಾನಿಯಮ್ಮ ಮಾಡಿದ್ದು ಬೈಗುಳವಲ್ಲ. ಕೇಳಿದರು, ಕಾದರು, ಜೊತೆಗಿದ್ದರು.

ಕೂಟದ ಕೊನೆಗೆ ನಾವೆಲ್ಲ ಒಂದು ಒಪ್ಪಂದ ಮಾಡಿಕೊಂಡೆವು. ಪಾಸ್ಕ ಹಬ್ಬದ ತನಕ ಪ್ರತಿದಿನ ಹತ್ತರಿಂದ ಹನ್ನೊಂದು ಗಂಟೆ ಫೋನ್ ಬೇರೆ ಕೋಣೆಯಲ್ಲಿ. ಆ ಒಂದು ಗಂಟೆ ಓದೋ, ಹೊಲದ ಕೆಲಸವೋ, ಅಮ್ಮನಿಗೆ ಸಹಾಯವೋ, ಹಿಡಿದದ್ದನ್ನು ಮುಗಿಸುವುದು. ನಡುವೆ ಒಂದು ಸಲ ಎದ್ದು 'ಪರಲೋಕ ಮಂತ್ರ'. ಮೊದಲ ವಾರ ನಮ್ಮಲ್ಲಿ ಅರ್ಧ ಜನ ಸೋತರು, ಈ ಬರಹ ಬರೆಯುತ್ತಿರುವವರೂ ಸೇರಿ. ಮರುದಿನ ಮತ್ತೆ ಕೂತೆವು. ಈ ಬೇಸರವನ್ನು ತಾಳಿಕೊಂಡವನಿಗೆ ಅದರ ಹಿಂದೆಯೇ ಶಾಂತಿ, ಹೇಳಲಾಗದ ಸಂತೋಷ ಬರುತ್ತದೆ ಎಂದು ಎವಾಗ್ರಿಯುಸ್ ಬರೆದಿದ್ದಾರೆ. ಆ ತಮ್ಮ ಮೊನ್ನೆ ಸಿಕ್ಕಾಗ, "ಅಣ್ಣ, ನಾಲ್ಕು ಪುಟ ಮುಗೀತು" ಅಂದ. ಸದ್ಯಕ್ಕೆ ನಮಗೆ ಅಷ್ಟೇ ಸಂತೋಷ ಸಾಕು. ನೀವೂ ನಮ್ಮ ಜೊತೆ ಕೂರುತ್ತೀರಾ?