ಪೈಲಟ್ ಹಾರಾಟ ಪರೀಕ್ಷೆ: ಇತಿಹಾಸ

ಪೈಲಟ್ ಪರವಾನಗಿ ಕೊಡುವ ಮೊದಲು ಅಭ್ಯರ್ಥಿಯ ಹಾರಾಟವನ್ನು ಕಣ್ಣಾರೆ ನೋಡಿ ಒರೆಗೆ ಹಚ್ಚುವ ಪರೀಕ್ಷೆ. ಇದರ ಬೇರು ಫ್ರಾನ್ಸಿನ ಏರೋ ಕ್ಲಬ್ಬಿನಲ್ಲಿದೆ. ಆ ಕ್ಲಬ್ ಮೊದಲ ಪ್ರಮಾಣಪತ್ರಗಳನ್ನು ಆಗಲೇ ಹೆಸರಾಗಿದ್ದ ಹಾರಾಟಗಾರರಿಗೆ ಅಕ್ಷರಾನುಕ್ರಮದಲ್ಲಿ ಹಂಚಿತು. ಹೀಗಾಗಿ 1ನೇ ಸಂಖ್ಯೆ ಲೂಯಿ ಬ್ಲೆರಿಯೋಗೆ ಸಿಕ್ಕಿತು, ರೈಟ್ ಸಹೋದರರಿಗೆ ಸಿಕ್ಕಿದ್ದು 14 ಮತ್ತು 15.

1905ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ವಾಯುಯಾನ ಒಕ್ಕೂಟ ಮುಂದೆ ಎಲ್ಲ ದೇಶಗಳಿಗೂ ಸಲ್ಲುವ ನಿಯಮ ರೂಪಿಸಿತು. 500 ಮೀಟರಿಗಿಂತ ಹೆಚ್ಚು ದೂರವಿರದ ಎರಡು ಕಂಬಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತುತ್ತ 5 ಕಿಲೋಮೀಟರ್ ಹಾರಬೇಕು, ಅದೂ ಎರಡು ಸಲ. ನಿಗದಿಯಾದ ಎತ್ತರಕ್ಕೆ ಏರಬೇಕು. ಎಂಜಿನ್ ನಿಲ್ಲಿಸಿ, ಮೊದಲೇ ತೋರಿಸಿದ ಗುರುತಿನ ಹತ್ತಿರ ಇಳಿಯಬೇಕು. ಅಭ್ಯರ್ಥಿ ಒಬ್ಬರೇ ಮೇಲೆ, ಪರೀಕ್ಷಕರು ಕೆಳಗೆ ಮೈದಾನದಲ್ಲಿ. 1911ರ ಆಗಸ್ಟ್ 1ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಪತ್ರಕರ್ತೆ ಹ್ಯಾರಿಯೆಟ್ ಕ್ವಿಂಬಿ ಗುರುತಿನಿಂದ ಕೇವಲ 7 ಅಡಿ 9 ಅಂಗುಲದಲ್ಲಿ ವಿಮಾನ ನಿಲ್ಲಿಸಿದರು. ಅಮೆರಿಕದಲ್ಲಿ ಪರವಾನಗಿ ಪಡೆದ ಮೊದಲ ಮಹಿಳೆ ಅವರು. ಆ ಕಾಲದ ದುರ್ಬಲ ಯಂತ್ರದಲ್ಲಿ ಅಂಥ ಇಳಿತ ಅಸಾಮಾನ್ಯ ಸಾಧನೆಯೇ ಸರಿ.

ಆದರೆ ಈ ಪರೀಕ್ಷೆ ಕೈಚಳಕವನ್ನಷ್ಟೇ ಅಳೆಯುತ್ತಿತ್ತು. ಆಪತ್ತಿನಲ್ಲಿ ಚಾಲಕನ ತಲೆ ಹೇಗೆ ಓಡುತ್ತದೆ ಎಂಬುದು ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ತರಬೇತಿಯಲ್ಲೇ ಅನೇಕ ತರುಣರು ಸತ್ತರು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ, ಗುರು ಶಿಷ್ಯ ಇಬ್ಬರ ಕೈಗೂ ನಿಯಂತ್ರಣವಿರುವ ಆವ್ರೋ ವಿಮಾನದಲ್ಲಿ ಮಾತಿನ ಕೊಳವೆ ಇಟ್ಟು, ಅಪಾಯದ ಸ್ಥಿತಿಗೆ ಬೇಕೆಂದೇ ಹೋಗಿ ಹೊರಬರುವುದನ್ನು ಕಲಿಸಿದರು. ಕ್ರಮೇಣ ಪರೀಕ್ಷಕರೂ ಪಕ್ಕದ ಆಸನಕ್ಕೆ ಬಂದರು. ಪರೀಕ್ಷೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ಅಮೆರಿಕದಲ್ಲಿ 1926ರ ಕಾಯಿದೆ ಪರವಾನಗಿಯನ್ನು ಸರ್ಕಾರದ ಕೈಗೆ ಒಪ್ಪಿಸಿತು. ಅಲ್ಲಿ ಗಿರಕಿ ಹೊಡೆಯುತ್ತ ಬೀಳುವ ವಿಮಾನವನ್ನು ಸರಿಪಡಿಸಿ ತೋರಿಸುವುದು ಖಾಸಗಿ ಪೈಲಟ್‌ಗೂ ಕಡ್ಡಾಯವಾಗಿತ್ತು. 1949ರಲ್ಲಿ ಅದನ್ನು ಕೈಬಿಟ್ಟು, ಗಿರಕಿಗೆ ಮುನ್ನ ಬರುವ ಸ್ಟಾಲ್ ಅನ್ನು (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯನ್ನು) ಗುರುತಿಸಿ ತಪ್ಪಿಸುವುದಕ್ಕೆ ಒತ್ತು ಕೊಡಲಾಯಿತು.

ಭಾರತದಲ್ಲಿ ಮೊದಲ ಪರವಾನಗಿ 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರಿಗೆ ದೊರೆಯಿತು. 1934ರ ಕಾಯಿದೆ, 1937ರ ವಿಮಾನ ನಿಯಮಗಳು ಇದಕ್ಕೆ ಕಾನೂನಿನ ಚೌಕಟ್ಟು ಒದಗಿಸಿದವು. ಬೆಂಗಳೂರಿನ ಜಕ್ಕೂರು ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲಿ ಆರಂಭವಾಯಿತು.

ಇಂದಿನ ಪರೀಕ್ಷೆ ಹಾರಾಟಕ್ಕೆ ಮೊದಲೇ, ಹವಾಮಾನ, ಇಂಧನ, ತೂಕಗಳ ಪ್ರಶ್ನೆಗಳಿಂದ ಶುರುವಾಗುತ್ತದೆ. ಮೇಲೆ ಹೋದ ಮೇಲೆ ಪರೀಕ್ಷಕರು ಸದ್ದಿಲ್ಲದೆ ಥ್ರಾಟಲ್ ಎಳೆದು ‘ಎಂಜಿನ್ ಕೆಟ್ಟಿದೆ’ ಎನ್ನುತ್ತಾರೆ. ಅಭ್ಯರ್ಥಿ ಮೊದಲು ತೇಲುವ ವೇಗ ಹಿಡಿಯಬೇಕು (ಸೆಸ್ನಾ 152ರಲ್ಲಿ ಸುಮಾರು 60 ನಾಟ್), ಆಮೇಲೆ ಇಳಿಯಬಲ್ಲ ಹೊಲ ಹುಡುಕಬೇಕು, ಕೊನೆಗೆ ರೇಡಿಯೋ. ಈ ಕ್ರಮ ತಪ್ಪಿದರೆ ನುಣುಪಾದ ಇಳಿತವೂ ಕಾಯದು. ಅಮೆರಿಕದ ಪದ್ಧತಿಯಲ್ಲಂತೂ ಹವೆ ಕೆಟ್ಟಿದೆಯೆಂದು ಅಭ್ಯರ್ಥಿಯೇ ಪರೀಕ್ಷೆ ನಿಲ್ಲಿಸಿದರೆ ಅದು ನಪಾಸಲ್ಲ. ಮುಗಿಸಿದ ಭಾಗಗಳನ್ನು ಪತ್ರದಲ್ಲಿ ನಮೂದಿಸಿ, ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಡುತ್ತಾರೆ.