ಕೋಲು ಬಗ್ಗಬೇಕು, ಮುರಿಯಬಾರದು: ಗಾಳದ ಕೋಲಿನ ಒಂಬೈನೂರು ವರ್ಷ

ಇವತ್ತಿನ ಎಪಿಸೋಡ್ ಒಂದು ಕೋಲಿನ ಬಗ್ಗೆ. ಮೀನು ಹಿಡಿಯೋ ಗಾಳದ ಕೋಲು. ಹೌದು, ಇದು ಇತಿಹಾಸದ ಕಾರ್ಯಕ್ರಮಾನೇ, ನೀವು ತಪ್ಪು ಲಿಂಕ್ ಒತ್ತಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ಅಂದ್ರೆ 89 ವರ್ಷ. ತಾತ ನೋಡಿದ್ದನ್ನ ಮೊಮ್ಮಗ ನೋಡಿದ ಹಾಗೆ. ಹರಿಯಬ್ಬೆ, ಧರ್ಮಪುರ ಕಡೆಯವರಿಗೆ ನೀರು ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆ ಹೋಬಳಿಯ ಕೆರೆಗಳಿಗೆ ನೀರು ತನ್ನಿ ಅನ್ನೋ ಹೋರಾಟವೇ ದಶಕಗಳದ್ದು. ಇಂಥ ಬಯಲುಸೀಮೆಯಲ್ಲಿ ಕೆರೆ ತುಂಬಿದ್ರೆ ಮೊದಲು ಬರೋದು ಕೊಕ್ಕರೆ, ಆಮೇಲೆ ಗಾಳ ಹಿಡಿದ ಹುಡುಗರು. ಮೊದಲೆಲ್ಲಾ ಅವರ ಕೈಲಿ ಬಿದಿರು ಕಡ್ಡಿ ಇರ್ತಿತ್ತು. ಈಗ ಆನ್‌ಲೈನ್‌ನಲ್ಲಿ ತರಿಸಿದ ಕಾರ್ಬನ್ ರಾಡ್ ಇರುತ್ತೆ. ಜೊತೆಗೆ ಒಂದು ಪ್ರಶ್ನೆಯೂ ಇರುತ್ತೆ: ‘ಯಾವ ರಾಡ್ ತಗೋಬೇಕು? ಕೆರೆಗೆ ಒಂದು, ಸಮುದ್ರಕ್ಕೆ ಒಂದು ಬೇಕಾ?’

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಸೀದಾ 12ನೇ ಶತಮಾನಕ್ಕೆ ಹೋಗ್ತೀವಿ.

ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ. ಆರನೇ ವಿಕ್ರಮಾದಿತ್ಯನ ಮಗ. ಯುದ್ಧಕ್ಕಿಂತ ಪುಸ್ತಕದಿಂದಲೇ ಹೆಚ್ಚು ಹೆಸರಾದವನು. ಸುಮಾರು 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆದ ಗ್ರಂಥ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಅಂತಲೂ ಇದಕ್ಕೆ ಹೆಸರಿದೆ. ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯಾಡಳಿತ, ಆನೆ, ಅಡುಗೆ, ಸಂಗೀತ, ಆಟ, ಎಲ್ಲಾ ಇದೆ. ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯ ಇದೆ. ಅದು ಪೂರ್ತಿ ಗಾಳದ ಮೀನುಗಾರಿಕೆಯ ಬಗ್ಗೆಯೇ.

ಆ ಕಾಲಕ್ಕೆ ನಮ್ಮ ಚಿತ್ರದುರ್ಗ ಸೀಮೆ ನೊಳಂಬವಾಡಿ. ಧರ್ಮಪುರದಿಂದ ಗಡಿ ದಾಟಿದರೆ ಸಿಗೋ ಹೇಮಾವತಿಯೇ ನೊಳಂಬರ ಹಳೇ ರಾಜಧಾನಿ ಹೆಂಜೇರು. ಸೋಮೇಶ್ವರನ ಕಾಲದಲ್ಲಿ ನೊಳಂಬವಾಡಿ ಚಾಲುಕ್ಯರ ಅಧೀನ. ಹಾಗಾಗಿ ಇದು ಎಲ್ಲೋ ದೂರದ ರಾಜನ ಪುಸ್ತಕ ಅಲ್ಲ.

ಅದರಲ್ಲಿ ಏನಿದೆ? ಸುಮಾರು 35 ಬಗೆಯ ಮೀನುಗಳ ಹೆಸರಿದೆ. ಸಮುದ್ರದ್ದು ಯಾವುದು, ನದಿಯದ್ದು ಯಾವುದು, ಪೊರೆ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ವಿಂಗಡಿಸಿದ್ದಾನೆ. ಯಾವ ಮೀನಿಗೆ ಯಾವ ಮೇವು ಇಷ್ಟ ಅಂತ ಬರೆದಿದ್ದಾನೆ. ಕೋಲು, ದಾರ, ಗಾಳ, ಎರೆ ಎಲ್ಲದರ ಮಾತೂ ಬರುತ್ತೆ. 20ನೇ ಶತಮಾನದಲ್ಲಿ ಸುಂದರ್ ಲಾಲ್ ಹೋರಾ ಅನ್ನೋ ಮತ್ಸ್ಯವಿಜ್ಞಾನಿ ಈ ಅಧ್ಯಾಯವನ್ನ ಇಟ್ಟುಕೊಂಡು, ಅಲ್ಲಿನ ಮೀನುಗಳು ಇವತ್ತಿನ ಯಾವ ಜಾತಿಗಳು ಅಂತ ಗುರುತಿಸೋಕೆ ಕೂತರು. ಅಷ್ಟು ವಿವರ ಅದರಲ್ಲಿತ್ತು.

ನನಗೆ ಇದರಲ್ಲಿ ಇಷ್ಟವಾಗೋದು ಅವನ ಕ್ರಮ. ರಾಜ ಕೋಲಿನಿಂದ ಶುರು ಮಾಡಲ್ಲ, ಮೀನಿನಿಂದ ಶುರು ಮಾಡ್ತಾನೆ. ಯಾವ ನೀರು, ಯಾವ ಮೀನು, ಅದು ಏನು ತಿನ್ನುತ್ತೆ. ಆಮೇಲೆ ಸಲಕರಣೆ. ಇವತ್ತು ರಾಡ್ ಕೊಳ್ಳೋಕೆ ಹೋಗೋರು ಇದನ್ನೇ ಉಲ್ಟಾ ಮಾಡ್ತಾರೆ. ಮೊದಲು ರಾಡ್, ಆಮೇಲೆ ‘ಇದರಲ್ಲಿ ಏನು ಹಿಡೀಬಹುದು?’

ಈಗ 750 ವರ್ಷ ಮುಂದೆ ಬರೋಣ. ಜಾಗ ಮಂಗಳೂರು. ಹೆನ್ರಿ ಸಲಿವನ್ ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ, ಮದ್ರಾಸ್ ಸಿವಿಲ್ ಸರ್ವೀಸ್‌ನವನು, ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡ್ತಿದ್ದ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಅನ್ನೋ ಪುಸ್ತಕ ತಂದ. ಭಾರತದಲ್ಲಿ ಗಾಳ ಹಾಕೋದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಹೆಸರಾಂತ ಪುಸ್ತಕ ಇದು. ಘಟ್ಟದ ಹೊಳೆಗಳ ಮಹಶೀರ್ ಬಗ್ಗೆಯೂ ಇದೆ, ಉಪ್ಪುನೀರು ಸಿಹಿನೀರು ಸೇರೋ ಅಳಿವೆಗಳ ಮೀನುಗಾರಿಕೆ ಬಗ್ಗೆಯೂ ಇದೆ. ಮುಂದೆ 1887ರಲ್ಲಿ ಇವನೇ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಬರೆದ. ಅಂದ್ರೆ ಕೆರೆಯ ಗಾಳಕ್ಕೇ ಬೇರೆ ಪುಸ್ತಕ! ನದಿಗೆ ಆಗೋ ಕೋಲು ಕೆರೆಗೆ ಆಗಲ್ಲ, ಕೆರೆಗೆ ಆಗೋದು ಅಳಿವೆಗೆ ಆಗಲ್ಲ ಅನ್ನೋದು ಅವತ್ತೇ ಗೊತ್ತಿದ್ದ ವಿಷಯ.

ಆದ್ರೆ ಥಾಮಸ್ ಬರೀ ಶೋಕಿಗೆ ಬರೆದವನಲ್ಲ. 1870ರಲ್ಲೇ ದಕ್ಷಿಣ ಕನ್ನಡದ ಮೀನುಗಳ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದ್ದ. ಹೊಳೆಗೆ ವಿಷ ಹಾಕೋದು, ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಇವು ಅವನ ತಕರಾರು. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲೋದು ಅಪರಾಧ ಆಯ್ತು. ಕಾಯ್ದೆ ಬಂದು ಒಂದು ಶತಮಾನ ಆಗೋ ಹೊತ್ತಿಗೆ, 1996ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೇ ಯಾರೋ ವಿಷ ಹಾಕಿದ್ರು. ಕಪಿಲಾ ಹೊಳೆಯಲ್ಲಿ ಭಕ್ತರು ಅಕ್ಕಿ ಹಾಕಿ ಸಾಕಿದ್ದ ಮಹಶೀರ್‌ಗಳು ರಾಶಿ ರಾಶಿ ಸತ್ತವು. ಅವಕ್ಕೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಕಾನೂನು ಬರೆದರೆ ಸಾಲದು ಅನ್ನೋದಕ್ಕೆ ಆ ಸ್ಮಾರಕವೇ ಸಾಕ್ಷಿ.

ಸರಿ, ಕೋಲಿಗೆ ಬರೋಣ. ಕೋಲು ಏನು ಕೆಲಸ ಮಾಡುತ್ತೆ? ಮೀನನ್ನ ಮೇಲೆತ್ತುತ್ತೆ ಅಂದ್ಕೊಂಡಿದ್ದೀರಾ? ಅಲ್ಲ. ಕೋಲಿಗೆ ಎರಡು ಕೆಲಸ. ಒಂದು, ಎರೆಯನ್ನ ದೂರಕ್ಕೆ ಎಸೆಯೋದು. ಇನ್ನೊಂದು, ಮೀನು ಎಳೆದಾಗ ಆ ಜಗ್ಗನ್ನ ತಾನು ಬಗ್ಗಿ ನುಂಗಿಕೊಳ್ಳೋದು, ದಾರ ಕಡಿಯದ ಹಾಗೆ ನೋಡಿಕೊಳ್ಳೋದು. ಎತ್ತಿನಗಾಡಿಗೆ ಸ್ಪ್ರಿಂಗ್ ಇಲ್ಲ, ಕಾರಿಗಿದೆ. ಕೋಲು ಅಂದ್ರೆ ಆ ಸ್ಪ್ರಿಂಗ್.

ಇಲ್ಲೊಂದು ಸಣ್ಣ ಲೆಕ್ಕ ಇದೆ. ಕೋಲು ಉದ್ದ ಆದಷ್ಟೂ ಎಸೆತ ದೂರ ಹೋಗುತ್ತೆ. ಆದ್ರೆ ಮೀನು ಎಳೆಯುವಾಗ ಅದೇ ಉದ್ದ ನಿಮ್ಮ ವಿರುದ್ಧ ಕೆಲಸ ಮಾಡುತ್ತೆ. ಸನ್ನೆಗೋಲಿನ ಉದ್ದದ ತುದಿ ಮೀನಿನ ಕಡೆ, ಗಿಡ್ಡ ತುದಿ ನಿಮ್ಮ ಕೈಲಿ. ಕೋಲು ಬಗ್ಗಿದಾಗ ಆ ಉದ್ದ ಕಮ್ಮಿ ಆಗುತ್ತೆ, ಕೈಗೆ ಭಾರ ಇಳಿಯುತ್ತೆ. ಅದಕ್ಕೇ ಬಗ್ಗದ ಕೋಲು ಗಟ್ಟಿ ಕೋಲಲ್ಲ, ಕೆಟ್ಟ ಕೋಲು.

ಈ ಸ್ಪ್ರಿಂಗ್ ಯಾವುದರಿಂದ ಮಾಡಬೇಕು ಅನ್ನೋದೇ ಕೋಲಿನ ಇತಿಹಾಸ. ಮೊದಲು ಇಡೀ ಬಿದಿರು. 19ನೇ ಶತಮಾನದಲ್ಲಿ ಬಿದಿರನ್ನ ಸೀಳಿ, ಪಟ್ಟಿಗಳನ್ನ ಅಂಟಿಸಿ ಮಾಡಿದ ಕೋಲುಗಳು ಬಂದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫೈಬರ್‌ಗ್ಲಾಸ್. 1970ರ ದಶಕದಲ್ಲಿ ಕಾರ್ಬನ್ ಫೈಬರ್. ದಾರದ ಕಥೆಯೂ ಹಾಗೇ. 1938ರಲ್ಲಿ ನೈಲಾನ್ ಜಗತ್ತಿಗೆ ಪರಿಚಯ ಆದ ಮೇಲೆ ರೇಷ್ಮೆ, ನಾರಿನ ದಾರ ಹಿಂದೆ ಸರೀತು.

ರೀಲಿನ ಕಥೆ ಇನ್ನೂ ಚೆನ್ನಾಗಿದೆ. 1905ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಅನ್ನೋ ಉಣ್ಣೆ ಗಿರಣಿಯವನು ಹೊಸ ರೀಲಿಗೆ ಪೇಟೆಂಟ್ ತಗೊಂಡ. ನಮ್ಮ ಕಡೆ ಮಗ್ಗ ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಲಾಳಿಯೊಳಗಿನ ಕಂಡಿಕೆ ತಿರುಗಲ್ಲ, ನೂಲು ಅದರ ತುದಿಯಿಂದ ಸರಸರ ಬಿಚ್ಚಿಕೊಳ್ಳುತ್ತೆ. ಅದೇ ಉಪಾಯ. ಉರುಳೆ ತಿರುಗಬೇಕಾಗಿಲ್ಲ ಅಂದ್ಮೇಲೆ ಹಗುರವಾದ ಎರೆಯನ್ನೂ ದೂರ ಎಸೀಬಹುದು. ಇವತ್ತು ನೀವು ಕೊಳ್ಳೋ ಸ್ಪಿನ್ನಿಂಗ್ ರೀಲಿನ ಮೂಲ ಇದು. 1898ರಲ್ಲಿ ಶುರುವಾದ ನಮ್ಮ ಮಾರಿಕಣಿವೆ ಅಣೆಕಟ್ಟೆ ಮುಗಿದಿದ್ದು 1907ರಲ್ಲಿ. ಇಲ್ಲಿ ವೇದಾವತಿಗೆ ಕಟ್ಟೆ ಏಳ್ತಿದ್ದ ಹೊತ್ತಿನಲ್ಲೇ ಅಲ್ಲಿ ಆ ರೀಲು ತಯಾರಾಯ್ತು.

ಈಗ ನೇರವಾಗಿ ಆಯ್ಕೆಗೆ. ಕೆರೆಗೆ, ಕಾಟ್ಲಾ, ರೋಹು, ಜಿಲೇಬಿ, ಕೊರವ ಇಂಥವಕ್ಕೆ ಆರರಿಂದ ಏಳು ಅಡಿಯ ಮಧ್ಯಮ ಶಕ್ತಿಯ ಕೋಲು ಸಾಕು. ಕೊರವ ಜೊಂಡಿನೊಳಗೆ ನುಗ್ಗುತ್ತೆ, ಅದಕ್ಕೆ ಸ್ವಲ್ಪ ಬಿರುಸಾದ್ದು ಬೇಕು. ಹೊಸಬರಿಗೆ ಫೈಬರ್‌ಗ್ಲಾಸ್ ಒಳ್ಳೇದು. ಭಾರ ಜಾಸ್ತಿ, ಆದ್ರೆ ಪೆಟ್ಟು ತಡೆಯುತ್ತೆ. ಕಾರ್ಬನ್ ಹಗುರ, ಮೀನು ಮೂಸಿದ್ದೂ ಕೈಗೆ ಗೊತ್ತಾಗುತ್ತೆ, ಆದ್ರೆ ಕಲ್ಲಿಗೆ ತಾಗಿದರೆ ಒಳಗೇ ಬಿರುಕು ಬಿಡುತ್ತೆ.

ಸಮುದ್ರಕ್ಕೆ, ಮಲ್ಪೆಯದ್ದೋ ಕಾರವಾರದ್ದೋ ಕಡಲತೀರದಲ್ಲಿ ನಿಂತು ಎಸೀಬೇಕು ಅಂದ್ರೆ, ಅಲೆ ದಾಟಿಸಬೇಕು. ಹತ್ತರಿಂದ ಹನ್ನೆರಡು ಅಡಿ ಬೇಕು. ದೋಣಿಯ ಮೇಲಾದ್ರೆ ದೂರ ಎಸೆಯೋ ಅಗತ್ಯ ಇಲ್ಲ, ಅಲ್ಲಿ ಗಿಡ್ಡ, ದಪ್ಪ ಕೋಲೇ ಸರಿ. ಉಪ್ಪು ಲೋಹ ತಿನ್ನುತ್ತೆ. ದಾರ ಹಾಯೋ ಉಂಗುರಗಳು ತುಕ್ಕು ಹಿಡಿಯದ ಉಕ್ಕಿನದ್ದಾಗಿರಬೇಕು, ಮನೆಗೆ ಬಂದ ಕೂಡಲೇ ಕೋಲನ್ನೂ ರೀಲನ್ನೂ ಸಿಹಿನೀರಲ್ಲಿ ತೊಳೀಬೇಕು. ಸಮುದ್ರದ ಕೋಲನ್ನ ಕೆರೆಗೆ ತರಬಹುದು, ಕೈ ನೋಯುತ್ತೆ ಅಷ್ಟೇ. ಕೆರೆಯ ಕೋಲನ್ನ ಸಮುದ್ರಕ್ಕೆ ಒಯ್ದರೆ ಕೋಲೇ ಹೋಗುತ್ತೆ.

ಕೋಲಿನ ಬುಡದಲ್ಲಿ ಎಷ್ಟು ತೂಕದ ದಾರ, ಎಷ್ಟು ಗ್ರಾಂ ಎರೆ ಅಂತ ಬರೆದಿರುತ್ತೆ. ಅದನ್ನ ಓದಿ. ರೀಲಿನ ಬಿಗಿಯನ್ನ ದಾರ ಕಡಿಯೋ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಡಿ. ಹತ್ತು ಕಿಲೋ ದಾರ ಅಂದ್ರೆ ಎರಡೂವರೆ, ಮೂರು ಕಿಲೋ ಎಳೆತಕ್ಕೆ ದಾರ ಬಿಟ್ಟುಕೊಡಬೇಕು. ಮೀನು ಕಾಲ ಬುಡಕ್ಕೆ ಬಂದಾಗ ಕೋಲನ್ನ ನೆಟ್ಟಗೆ ಆಕಾಶಕ್ಕೆ ಎತ್ತಬೇಡಿ. ಆಗ ಭಾರ ಎಲ್ಲಾ ಸಣ್ಣ ತುದಿಗೇ ಬೀಳುತ್ತೆ, ಬಹಳ ಕೋಲು ಮುರಿಯೋದು ಹೀಗೇ. ದೊಡ್ಡ ಮೀನನ್ನ ಬಲೆಯಲ್ಲಿ ಎತ್ತಿ. ಇನ್ನೊಂದು, ಇದು ಪ್ರಾಣದ ವಿಷಯ: ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. ಕೆರೆ ಏರಿ ಮೇಲೆ ಪಂಪ್‌ಸೆಟ್ ಲೈನ್ ಹಾದು ಹೋಗಿದ್ರೆ ಅದರ ಕೆಳಗೆ ಕೋಲು ಎತ್ತಬೇಡಿ. ಗುಡುಗು ಶುರುವಾದ್ರೆ ಕೋಲು ಕೆಳಗಿಟ್ಟು ಅಲ್ಲಿಂದ ಹೊರಡಿ.

ಕೋಲು ಎಷ್ಟು ಮಾಡಬಲ್ಲದು ಅನ್ನೋದಕ್ಕೆ ಮೈಸೂರು ಸೀಮೆಯಲ್ಲೇ ದಾಖಲೆ ಇದೆ. 1946ರಲ್ಲಿ ಕಬಿನಿಯಲ್ಲಿ ಜೆ. ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ, ಅಂದ್ರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ತುಂಬಿಸಿ ನಿಲ್ಲಿಸೋ ಕೆಲಸಕ್ಕೆ ಹೆಸರಾಗಿದ್ದ ಮನೆತನ ಅದು. ಕಾರ್ಬನ್ ಕೋಲು ಇನ್ನೂ ಹುಟ್ಟಿರಲಿಲ್ಲ.

ಆ ಮೀನಿನ ವಂಶಕ್ಕೆ ಮುಂದೆ ಏನಾಯ್ತು? ಇದೇ ಈ ಕಥೆಯಲ್ಲಿ ನನ್ನನ್ನ ಕಾಡೋ ಭಾಗ. ಬೆನ್ನು ಉಬ್ಬಿದ ಈ ಮಹಶೀರ್ ಇರೋದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ಕಾವೇರಿ ತೀರದ ಗಾಲಿಬೋರೆಯಲ್ಲಿ ಹಿಡಿದ ಮೀನನ್ನ ತೂಗಿ, ಬರೆದುಕೊಂಡು, ವಾಪಸ್ ನೀರಿಗೆ ಬಿಡೋ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಇದೆ. ವಿಜ್ಞಾನಿಗಳು ಅದನ್ನ ಕೂತು ನೋಡಿದಾಗ ಗೊತ್ತಾಗಿದ್ದು ಇಷ್ಟು: ಒಟ್ಟು ಮೀನು ಹೆಚ್ಚಿವೆ, ಆದ್ರೆ ಅವು ನೀಲಿ ರೆಕ್ಕೆಯ ಬೇರೆ ಮಹಶೀರ್. ಸಾಕಣೆ ಕೇಂದ್ರದ ಮರಿಗಳನ್ನ ತಂದು ಕಾವೇರಿಗೆ ಬಿಟ್ಟಿದ್ದರು. ಕಾವೇರಿಯದ್ದೇ ಆದ ಉಬ್ಬು ಬೆನ್ನಿನ ಮೀನು ಕಣ್ಣೆದುರೇ ಕರಗ್ತಾ ಇತ್ತು.

ಅಷ್ಟು ಹೊತ್ತಿಗೆ ವನ್ಯಜೀವಿ ಧಾಮದೊಳಗೆ ಗಾಳ ಹಾಕೋದು 1972ರ ಕಾಯ್ದೆಯ ಪ್ರಕಾರ ಸರಿಯಲ್ಲ ಅಂತ ನಿಲ್ಲಿಸಲಾಯ್ತು. 2018ರಲ್ಲಿ ಸಂಶೋಧಕರು ಇದು ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲು ವಿವರಿಸಿದ್ದ ‘ಟಾರ್ ರೆಮಾದೇವಿ’ ಜಾತಿಯೇ ಅಂತ ತೋರಿಸಿದ್ರು. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಒಂದೂವರೆ ಶತಮಾನ ಶಿಕಾರಿಯವರು ಕೊಂಡಾಡಿದ ಮೀನಿಗೆ ವಿಜ್ಞಾನದ ಹೆಸರು ಗಟ್ಟಿಯಾಗೋ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಗಾಳದವರು ವಿಲನ್ನಾ, ಹೀರೋನಾ? ಅಷ್ಟು ಸುಲಭ ಇಲ್ಲ. ಮೀನು ಕಮ್ಮಿ ಆಗೋದಕ್ಕೆ ಅಣೆಕಟ್ಟೆ, ಮರಳು ತೆಗೆಯೋದು, ಸಿಡಿಮದ್ದು, ಹೊರಗಿನ ಮರಿ ಎಲ್ಲಾ ಸೇರಿವೆ. ಆದ್ರೆ ಕಮ್ಮಿ ಆಗ್ತಿದೆ ಅಂತ ನಮಗೆ ಗೊತ್ತಾಗಿದ್ದು ಮಾತ್ರ ಗಾಳದವರು ಲೆಕ್ಕ ಬರೆದಿಟ್ಟಿದ್ದರಿಂದ. ಮೀನಿನ ಹೆಸರು, ಮೇವು, ಜಾಗ ಬರೆದಿಟ್ಟ ಸೋಮೇಶ್ವರನೂ ಮಾಡಿದ್ದು ಅದನ್ನೇ ಅಲ್ವಾ?

ಅದಕ್ಕೇ ನನ್ನ ಸಲಹೆ ಇಷ್ಟು. ಕೆರೆಗೆ ಇಳಿಯೋ ಮುಂಚೆ ಅದರ ಮೀನು ಗುತ್ತಿಗೆ ಯಾವ ಸಂಘದ್ದು ಅಂತ ಕೇಳಿ, ಅನುಮತಿ ತಗೊಳ್ಳಿ. ಆ ಮೀನು ಯಾರದ್ದೋ ಮನೆಯ ಅನ್ನ. ತಿನ್ನೋಕೆ ಬೇಕಾದಷ್ಟು ಇಟ್ಟುಕೊಳ್ಳಿ. ಬಿಡೋ ಮೀನನ್ನ ಒದ್ದೆ ಕೈಯಲ್ಲಿ ಹಿಡೀರಿ, ಬೇಗ ಬಿಡಿ. ಮೀನಿಗೆ ತಕ್ಕ ಶಕ್ತಿಯ ಕೋಲು ಇದ್ರೆ ಅದನ್ನ ಬೇಗ ದಡಕ್ಕೆ ತರಬಹುದು. ಸಣ್ಣ ಕೋಲಲ್ಲಿ ಅರ್ಧ ಗಂಟೆ ಆಡಿಸಿದ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಫೋಟೊ ಹೇಗೂ ತೆಗೀತೀರಿ. ಜೊತೆಗೆ ತಾರೀಖು, ಕೆರೆ ಹೆಸರು, ಮೀನಿನ ಅಳತೆಯನ್ನೂ ಫೋನಿನಲ್ಲೇ ಬರೆದಿಡಿ. ನಮ್ಮ ಕೆರೆಗಳು ಮುಂದೆ ಯಾವಾಗ ತುಂಬುತ್ವೋ ಗೊತ್ತಿಲ್ಲ. ಈ ಸಲ ತುಂಬಿದಾಗ ಅದರೊಳಗೆ ಏನೇನಿತ್ತು ಅಂತ ಮುಂದಿನವರಿಗೆ ಗೊತ್ತಾಗಲಿ.

ಈ ಎಪಿಸೋಡನ್ನ ಗಾಳ ಹಾಕೋ ಗೆಳೆಯರಿಗೆ ಕಳಿಸಿ. ಮುಂದಿನ ವಾರ ಸಿಗೋಣ.